ಋಣ ಸಂಖ್ಯೆಯನ್ನು ಶುಭವಾರ್ತೆಯೆಂದು ಓದಿದ ದಿನ

ಮಧುಮೇಹಿಗಳ ರೆಟಿನಾವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿದರೆ ಖರ್ಚಿಗೆ ತಕ್ಕ ಫಲ ಸಿಗುತ್ತದೆಯೇ ಎಂಬ ಲೆಕ್ಕವನ್ನು ವಿದ್ಯಾರ್ಥಿಯಾಗಿದ್ದಾಗ ನಾನು ಎಕ್ಸೆಲ್‌ನಲ್ಲಿ ಕಟ್ಟಿದ್ದೆ. ಫಲವನ್ನು ಅಳೆದದ್ದು ಕ್ವಾಲಿಯಲ್ಲಿ, ಅಂದರೆ ಪೂರ್ಣ ಆರೋಗ್ಯದ ಒಂದು ವರ್ಷವನ್ನು ಒಂದು ಎಂದು ಹಿಡಿಯುವ ಮಾನದಲ್ಲಿ. ದೃಷ್ಟಿ ಹೋಗುವ ಸಂಭವ, ಲೇಸರ್ ಚಿಕಿತ್ಸೆಯ ವೆಚ್ಚ, ಕರೆದವರಲ್ಲಿ ಎಷ್ಟು ಮಂದಿ ಬಂದಾರು ಎಂಬುದು, ಇವುಗಳಲ್ಲಿ ಯಾವುದೂ ಖಚಿತವಿರಲಿಲ್ಲ. ಆದ್ದರಿಂದ ಸೊನ್ನೆಗೂ ಒಂದಕ್ಕೂ ನಡುವೆಯೇ ಇರಬೇಕಾದ ಸಂಭವಗಳಿಗೆ ಬೀಟಾ ಹಂಚಿಕೆಯನ್ನೂ (ಹಂಚಿಕೆಯೆಂದರೆ ಯಾವ ಮೌಲ್ಯ ಬರುವ ಸಾಧ್ಯತೆ ಎಷ್ಟೆಂದು ಹೇಳುವ ಗಣಿತದ ರೇಖೆ; ಅದು ಕಿರಿದಾದಷ್ಟೂ ಖಚಿತತೆ ಹೆಚ್ಚು), ಸೊನ್ನೆಗಿಂತ ಕೆಳಗಿಳಿಯಲಾರದ ವೆಚ್ಚಗಳಿಗೆ ಗಾಮಾ ಹಂಚಿಕೆಯನ್ನೂ ಕೊಟ್ಟು, ಮಾಂಟೆ ಕಾರ್ಲೊ ವಿಧಾನದಲ್ಲಿ, ಅಂದರೆ ಪ್ರತಿ ಸಲವೂ ಆ ಹಂಚಿಕೆಗಳಿಂದ ಮೌಲ್ಯಗಳನ್ನು ಚೀಟಿ ಎತ್ತಿದಂತೆ ಆರಿಸಿ, 1000 ಬಾರಿ ಲೆಕ್ಕ ಓಡಿಸಿದೆ; ಒಂದೊಂದು ಓಟಕ್ಕೂ ಒಂದೊಂದು ಸಾಲು. ಪ್ರತಿ ಸಾಲಿನಲ್ಲೂ ಹೆಚ್ಚುವರಿ ವೆಚ್ಚವನ್ನು ಹೆಚ್ಚುವರಿ ಕ್ವಾಲಿಯಿಂದ ಭಾಗಿಸಿ, ಆ ಸಾವಿರ ಭಾಗಲಬ್ಧಗಳ ಸರಾಸರಿ ತೆಗೆದಾಗ ಉತ್ತರ ಋಣ ಸಂಖ್ಯೆಯಾಗಿ ಬಂತು. ಹಣವೂ ಉಳಿಯಿತು, ಕಣ್ಣೂ ಉಳಿಯಿತು ಎಂದು ಹಿಗ್ಗಿ, ಮಾರ್ಗದರ್ಶಕರಾಗಿದ್ದ ಮೇಡಂ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟೆ.

“ಈ ಮೈನಸ್ಸು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ನೋಡಿದ್ದೀಯಾ?” ಎಂದು ಅವರು ಕೇಳಿದರು.

ನೋಡಿರಲಿಲ್ಲ. ಸಾಲುಗಳನ್ನು ಏರಿಕೆಯ ಕ್ರಮಕ್ಕೆ ತಂದಾಗ ಎಲ್ಲಕ್ಕೂ ಮೊದಲು ಕಂಡದ್ದು, ವೆಚ್ಚ ಹೆಚ್ಚಿ ಫಲ ಕೂದಲೆಳೆಯಷ್ಟು ಕುಗ್ಗಿದ್ದ ಒಂದು ಸಾಲು. ಛೇದ ಸೊನ್ನೆಯ ಅಂಚಿನಲ್ಲಿದ್ದುದರಿಂದ ಅದರ ಭಾಗಲಬ್ಧ ಅಗಾಧವಾದ ಋಣ ಸಂಖ್ಯೆಯಾಗಿ, ಇಡೀ ಸರಾಸರಿಯನ್ನು ತನ್ನತ್ತ ಎಳೆದುಕೊಂಡಿತ್ತು. ಅಗ್ಗವಾಗಿ ಹೆಚ್ಚು ಫಲ ಕೊಡುವುದೂ ದುಬಾರಿಯಾಗಿ ಕಡಿಮೆ ಫಲ ಕೊಡುವುದೂ ಭಾಗಾಕಾರದಲ್ಲಿ ಒಂದೇ ಚಿಹ್ನೆ ಹೊತ್ತು ಬರುತ್ತವೆ. ನಾನು ಅತ್ಯಂತ ಕೆಟ್ಟ ಸಾಲನ್ನೇ ನಂಬಿಕೊಂಡು ಹಿಗ್ಗಿದ್ದೆ.

ಮಾಡಬೇಕಿದ್ದುದು ಸರಾಸರಿ ಹೆಚ್ಚುವರಿ ವೆಚ್ಚವನ್ನು ಸರಾಸರಿ ಹೆಚ್ಚುವರಿ ಫಲದಿಂದ ಭಾಗಿಸುವುದು. ಈಗ ನನಗೆ ಅದಕ್ಕಿಂತಲೂ ಹಿಡಿಸುವುದು ಭಾಗಾಕಾರದ ಗೊಡವೆಯೇ ಇಲ್ಲದ ದಾರಿ: ಒಂದು ಕ್ವಾಲಿಗೆ ಕೊಡಬಹುದಾದ ಬೆಲೆಯನ್ನು ಮೊದಲೇ ಹಿಡಿದು (ನಮ್ಮಲ್ಲಿ ತಲಾ ಜಿಡಿಪಿಯನ್ನು ಬಳಸುವ ರೂಢಿಯಿದೆ), ಫಲವನ್ನು ರೂಪಾಯಿಗೆ ತಿರುಗಿಸಿ, ವೆಚ್ಚ ಕಳೆದು, ಸಾವಿರದಲ್ಲಿ ಎಷ್ಟು ಸಾಲು ಲಾಭದಲ್ಲಿ ನಿಂತವೆಂದು ಎಣಿಸುವುದು.

ಇಂಥ ಎಡವಟ್ಟು ವಿದ್ಯಾರ್ಥಿಗಳಿಗಷ್ಟೇ ಮೀಸಲಲ್ಲ. ಜಂತುಹುಳು ಚಿಕಿತ್ಸೆಯಿಂದ ಆರೋಗ್ಯದ ಒಂದು ವರ್ಷವನ್ನು ಉಳಿಸಲು ತಗಲುವ ವೆಚ್ಚದ ಬಗ್ಗೆ ಪ್ರಕಟವಾಗಿದ್ದ 3.41 ಡಾಲರಿನ ಅಂದಾಜು, ಲೆಕ್ಕದ ತಪ್ಪುಗಳನ್ನು ತಿದ್ದಿದಾಗ ಸುಮಾರು 326 ಡಾಲರಿಗೆ ಏರಿತೆಂದು, ದಾನದ ಹಣ ಎಲ್ಲಿ ಹೆಚ್ಚು ಫಲ ಕೊಡುತ್ತದೆಂದು ಅಳೆಯುವ ಗಿವ್‌ವೆಲ್ ಸಂಸ್ಥೆ 2011ರಲ್ಲಿ ತೋರಿಸಿತ್ತು.

ಹೊರಡುವ ಮುನ್ನ ಮೇಡಂ ಇನ್ನೊಂದು ಕೋಶದ ಮೇಲೆ ಬೆರಳಿಟ್ಟರು. ಕರೆದವರಲ್ಲಿ ಬರುವವರ ಪ್ರಮಾಣ. “ಇದು ಎಲ್ಲಿಂದ ಬಂತು?” ಎಂದರು. ಅದು ನನ್ನ ಊಹೆಯಾಗಿತ್ತು, ಮತ್ತು ಅದರ ಸುತ್ತ ನಾನು ಹಾಕಿದ್ದ ಬೀಟಾ ಹಂಚಿಕೆ ಎಲ್ಲಕ್ಕಿಂತ ಕಿರಿದಾಗಿತ್ತು.