ಕ್ಯಾಮೆರಾ ಹಿಡಿಯಲು ಬಂದವರಿಗೆ ಸ್ನಾತಕೋತ್ತರ ತರಗತಿಯಲ್ಲಿ ಏನಿದೆ?

ದಾವಣಗೆರೆಯ ಸ್ಟುಡಿಯೋಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆದು ಕೈ ಪಳಗಿಸಿಕೊಂಡವರಿಗೆ ಕ್ಯಾಮೆರಾ ಹಿಡಿಯುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಕ್ಷತೆ ಬೀಳುವ ಕ್ಷಣದಲ್ಲಿ, ನೆಂಟರ ನೂಕುನುಗ್ಗಲಿನ ನಡುವೆ, ಫ್ಲ್ಯಾಶು, ಫೋಕಸ್ಸು, ಚೌಕಟ್ಟು ಮೂರನ್ನೂ ಒಟ್ಟಿಗೆ ಸಂಭಾಳಿಸುವ ಕೈಚಳಕ ಪಾಠದ ಕೊಠಡಿಯಲ್ಲಿ ದಕ್ಕುವಂಥದ್ದೂ ಅಲ್ಲ. ಅಂಥದೊಂದು ಸ್ಟುಡಿಯೋದಿಂದಲೇ ದೃಶ್ಯಕಲೆಯ ಸ್ನಾತಕೋತ್ತರ ವ್ಯಾಸಂಗಕ್ಕೆ ಬಂದ ನನ್ನನ್ನು, ಫೋಟೋ ತೆಗೆಯಲು ಬರುತ್ತದಲ್ಲ, ಇನ್ನೂ ಏನು ಓದುತ್ತೀಯ ಎಂದು ಕೇಳುವವರು ಬಹಳ. ತೆಗೆದ ಚಿತ್ರ ಹಾಗೇಕಿದೆ ಎಂಬುದಕ್ಕೆ ಉತ್ತರ ಕೊಡುವುದನ್ನು ಓದುತ್ತಿದ್ದೇನೆ ಎಂಬುದೇ ನನ್ನ ಉತ್ತರ. ಸ್ಟುಡಿಯೋದಲ್ಲಿ ಗಿರಾಕಿ ಒಪ್ಪಿದರೆ ಕೆಲಸ ಮುಗಿಯಿತು. ಇಲ್ಲಿ ಎಲ್ಲರೂ ಒಪ್ಪಿದ ಚಿತ್ರವನ್ನೇ ಮುಂದಿಟ್ಟುಕೊಂಡು ಮಾರ್ಗದರ್ಶಕರು ಪ್ರಶ್ನೆ ಆರಂಭಿಸುತ್ತಾರೆ.

ನಮ್ಮೂರಿನ ಮಂಡಕ್ಕಿ ಭಟ್ಟಿಗಳನ್ನೇ ತೆಗೆದುಕೊಳ್ಳೋಣ. ಮಸಿ ಹಿಡಿದ ಗೋಡೆ, ಒಂದು ಮೂಲೆಯಲ್ಲಿ ಒಲೆಯ ಕೆಂಪು, ಚಾವಣಿಯ ಸಂದಿಯಿಂದ ಹೊಗೆಯ ಮೂಲಕ ಇಳಿಯುವ ಬಿಸಿಲಿನ ಕೋಲು, ಕಾದ ಮರಳಿಗೆ ಬಿದ್ದೊಡನೆ ಅರಳುವ ಅಕ್ಕಿ, ಪಕ್ಕದಲ್ಲಿ ಬೆಳ್ಳಗಿನ ಮಂಡಕ್ಕಿಯ ರಾಶಿ: ಕ್ಯಾಮೆರಾವನ್ನು ಇಷ್ಟು ಕಂಗೆಡಿಸುವ ಜಾಗ ಇನ್ನೊಂದಿರಲಾರದು. ಕ್ಯಾಮೆರಾದ ಮೀಟರು ಎದುರಿಗಿರುವ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದುಬಣ್ಣದ್ದು ಎಂದೇ ನಂಬಿ ಲೆಕ್ಕ ಹಾಕುತ್ತದೆ. ಆದ್ದರಿಂದ ಚೌಕಟ್ಟಿನ ತುಂಬ ರಾಶಿಯಿದ್ದರೆ ಬಿಳಿ ಮಂಡಕ್ಕಿ ಮಾಸಲಾಗಿ ಮೂಡುತ್ತದೆ; ಚೌಕಟ್ಟಿನ ತುಂಬ ಕರಿ ಗೋಡೆಯಿದ್ದರೆ ಅದೇ ರಾಶಿ ಕಾಳು ಕಾಣದ ಸುಣ್ಣದ ಗುಡ್ಡೆಯಾಗುತ್ತದೆ. ಮೊದಲನೆಯ ಸಂದರ್ಭದಲ್ಲಿ ಒಂದು ಸ್ಟಾಪ್ (ಬೆಳಕನ್ನು ದುಪ್ಪಟ್ಟು ಅಥವಾ ಅರ್ಧ ಮಾಡುವ ಒಂದು ಹೆಜ್ಜೆ) ಬೆಳಕು ಹೆಚ್ಚಿಸಬೇಕು, ಎರಡನೆಯದರಲ್ಲಿ ತಗ್ಗಿಸಬೇಕು ಎಂಬುದು ಸ್ಟುಡಿಯೋದ ಹುಡುಗನಿಗೂ ಗೊತ್ತು. ಏಕೆ ಎಂಬುದನ್ನು, ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಸೆನ್ಸರಿನ ಮಟ್ಟಕ್ಕೆ ಇಳಿದು ವಿವರಿಸಬೇಕಾಗಿ ಬಂದಾಗಲೇ ಓದು ಶುರುವಾಗುವುದು.

ಕ್ಯಾಮೆರಾ ತಾನೇ ಸಂಸ್ಕರಿಸಿ ಕೊಡುವ ಜೆಪೆಗ್ ಕಡತದಲ್ಲಿ ಪ್ರತಿ ಬಣ್ಣಕ್ಕೆ ಕತ್ತಲಿನಿಂದ ಬೆಳಕಿನವರೆಗೆ 256 ಹಂತಗಳಿರುತ್ತವೆ. ಸೆನ್ಸರು ಅಳೆದದ್ದನ್ನು ಸಂಸ್ಕರಿಸದೆ ಉಳಿಸುವ 14 ಬಿಟ್‌ನ ರಾ ಕಡತದಲ್ಲಿ 16,384. ಆದರೆ ಈ ಹಂತಗಳು ಕತ್ತಲು ಬೆಳಕುಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಸೆನ್ಸರು ಬೆಳಕನ್ನು ನೇರ ಪ್ರಮಾಣದಲ್ಲಿ ಅಳೆಯುವುದರಿಂದ, ಅತಿ ಬೆಳಕಿನ ಒಂದೇ ಸ್ಟಾಪಿಗೆ ಒಟ್ಟು ಹಂತಗಳ ಅರ್ಧ, ಅಂದರೆ 8,192 ಹೋಗುತ್ತವೆ. ಅದರ ಕೆಳಗಿನದಕ್ಕೆ 4,096, ಹೀಗೆ ಅರ್ಧರ್ಧವಾಗುತ್ತ ಐದನೆಯ ಸ್ಟಾಪಿಗೆ ಇಳಿಯುವಷ್ಟರಲ್ಲಿ ಉಳಿಯುವುದು 512 ಮಾತ್ರ. ಕತ್ತಲ ಭಾಗದಲ್ಲಿ ಬಿದ್ದ ಬೆಳಕೂ ಕಡಿಮೆ, ಹಂತಗಳೂ ಕಡಿಮೆ. ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿಕೊಂಡರಾಯಿತು ಎಂದು ಭಟ್ಟಿಯ ಮೂಲೆಯನ್ನು ಕಪ್ಪಾಗಿಯೇ ತೆಗೆದು ತಂದರೆ, ಎತ್ತಿದಾಗ ಸಿಗುವುದು ಗೋಡೆಯ ಮಸಿಯಲ್ಲ, ಬಣ್ಣಬಣ್ಣದ ಚುಕ್ಕೆಗಳ ನಾಯ್ಸು. ಬಿಳಿ ಕಳೆದುಹೋಗದ ಅಂಚಿನವರೆಗೆ ಬೆಳಕನ್ನು ತುಂಬಿಕೊಂಡು, ನಂತರ ಬೇಕಾದಷ್ಟು ಕಪ್ಪು ಮಾಡಿಕೊಳ್ಳುವುದು ಇದಕ್ಕಾಗಿ. ಅಂದಹಾಗೆ, ಕ್ಯಾಮೆರಾದ ಬೆನ್ನಿನಲ್ಲಿ ಕಾಣುವ ಹಿಸ್ಟೋಗ್ರಾಮ್ (ಕತ್ತಲು ಬೆಳಕುಗಳ ಹಂಚಿಕೆಯ ನಕ್ಷೆ), ನೀವು ರಾ ತೆಗೆಯುತ್ತಿದ್ದರೂ, ಸಾಮಾನ್ಯವಾಗಿ ಒಳಗಿನ ಜೆಪೆಗ್ ಮಾದರಿಯ ಲೆಕ್ಕದಲ್ಲೇ ಬರೆದದ್ದು. ಅದು ತುಂಬಿತು ಎಂದ ಮೇಲೂ ತುಸು ಜಾಗ ಉಳಿದಿರುತ್ತದೆ.

ಬಣ್ಣದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಸೆನ್ಸರಿಗೆ ತಾನಾಗಿ ಬಣ್ಣ ತಿಳಿಯದು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ಜಾಲರಿಯನ್ನೇ ಇಂದಿಗೂ ಹೆಚ್ಚಿನ ಕ್ಯಾಮೆರಾಗಳು ಬಳಸುತ್ತಿವೆ. ಅದರಲ್ಲಿ ಸೆನ್ಸರಿನ ಅರ್ಧದಷ್ಟು ಬಿಂದುಗಳ (ಪಿಕ್ಸೆಲುಗಳ) ಮೇಲೆ ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ ಸೋಸುಗಗಳು (ಫಿಲ್ಟರುಗಳು) ಇರುತ್ತವೆ. ಪ್ರತಿ ಬಿಂದು ಒಂದೇ ಬಣ್ಣವನ್ನು ಅಳೆಯುತ್ತದೆ. ಮಿಕ್ಕ ಎರಡನ್ನು ನೆರೆಯ ಬಿಂದುಗಳನ್ನು ನೋಡಿ ಲೆಕ್ಕ ಹಾಕಿ ತುಂಬಲಾಗುತ್ತದೆ. ಹಾಗಾಗಿ ಇದು ಕ್ಯಾಮೆರಾದಿಂದ ಬಂದ ಬಣ್ಣ, ನಾನೇನೂ ಕೈ ಹಾಕಿಲ್ಲ ಎನ್ನುವ ವಾದ ನಿಲ್ಲುವುದಿಲ್ಲ. ಒಲೆಯ ಕೆಂಪನ್ನು ಎಷ್ಟು ಉಳಿಸಬೇಕು, ಹೊಗೆಯ ನೀಲಿಯನ್ನು ಎಷ್ಟು ತೆಗೆಯಬೇಕು ಎಂಬುದನ್ನು ನೀವು ನಿರ್ಧರಿಸದಿದ್ದರೆ ಕಂಪನಿಯ ಎಂಜಿನಿಯರು ನಿರ್ಧರಿಸಿರುತ್ತಾನೆ, ಅಷ್ಟೆ.

ಇಷ್ಟೆಲ್ಲ ಲೆಕ್ಕದ ಮೇಲೆ, ಲೆಕ್ಕದಲ್ಲಿ ಸಿಗದ ಒಂದು ಮಾತನ್ನು ನಾನು ಕೇಳಿದ್ದು ಭಟ್ಟಿಯಲ್ಲೇ. ಹೊಗೆಯ ಎದುರು ನೆರಳಿನಾಕೃತಿಯಾಗಿ ನಿಂತ ಕಾರ್ಮಿಕರು, ಹಿಂದೆ ಬಿಸಿಲಿನ ಕೋಲು: ಸ್ಪರ್ಧೆಗಳಿಗೆ ಹೋಗುವ ಚಿತ್ರಗಳೆಲ್ಲ ಇದೇ ಅಚ್ಚಿನವು. ನಾನು ಹಾಗೆ ಕ್ಯಾಮೆರಾ ಹೊಂದಿಸಿಕೊಳ್ಳುತ್ತಿದ್ದಾಗ ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಹಿರಿಯ ಹೆಂಗಸೊಬ್ಬರು, ‘ಮುಖ ಕಾಣ್ಹಂಗ ತಗಿಯಪ್ಪಾ, ನಾವೇನು ದೆವ್ವ ಅಲ್ಲ’ ಎಂದರು. ಅವರ ಮುಖಕ್ಕೆ ತಕ್ಕಂತೆ ಬೆಳಕಿನ ಪ್ರಮಾಣ (ಎಕ್ಸ್‌ಪೋಷರ್) ಹೊಂದಿಸಿದರೆ ಬಿಸಿಲಿನ ಕೋಲು ಬಿಳಿಚಿ ಹೋಗುತ್ತದೆ, ಚಿತ್ರದ ಬೆಡಗು ಕಡಿಮೆಯಾಗುತ್ತದೆ. ಯಾರಿಗಾಗಿ ಯಾವುದನ್ನು ಬಿಟ್ಟುಕೊಡುತ್ತೇವೆ ಎಂಬುದಕ್ಕೆ ತರಗತಿಗಾಗಿ ಲಿಖಿತ ಕಾರಣ ಕೊಡಬೇಕಾದದ್ದು ಇಂಥಲ್ಲಿ. ನಾನು ಮುಖವನ್ನೇ ಆರಿಸಿಕೊಂಡೆ, ಮತ್ತು ಆ ಆಯ್ಕೆಯನ್ನು ಇಂದಿಗೂ ಸಮರ್ಥಿಸುತ್ತೇನೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ತೆಗೆದ ಚಿತ್ರಗಳನ್ನು ನೋಡಿದವರಿಗೆ ಈ ಆಯ್ಕೆಗೆ ಕನ್ನಡ ನಾಡಿನಲ್ಲೇ ಒಂದು ಪರಂಪರೆಯಿದೆ ಎಂಬುದು ತಿಳಿದಿರುತ್ತದೆ.

ಚಿತ್ರದುರ್ಗದ ಕೋಟೆ ಇದಕ್ಕೆ ತೀರ ವಿರುದ್ಧವಾದ ಅಭ್ಯಾಸ. ಅಲ್ಲಿ ಬೆಳಕಿಗೆ ಬರವಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಮೈಯೆಲ್ಲ ಚಪ್ಪಟೆಯಾಗಿ ಕಾಣುವಷ್ಟು ಧಾರಾಳ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಕಲ್ಲಿನ ಒರಟು ಎದ್ದು ಬರುತ್ತದೆ. ಹತ್ತಿರದ ಮೆಟ್ಟಿಲಿನಿಂದ ದೂರದ ಬುರುಜಿನವರೆಗೆ ಎಲ್ಲವೂ ಚೊಕ್ಕವಾಗಿರಲಿ ಎಂದು ಅಪರ್ಚರನ್ನು, ಅಂದರೆ ಮಸೂರದ ಕಿಂಡಿಯನ್ನು, ಎಫ್/22ಕ್ಕೆ ಇಳಿಸುವ ರೂಢಿ ಹಲವರಿಗಿದೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಅಂಚಿಗೆ ಬಾಗಿ ಹರಡುವುದರಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದಕ್ಕಿಂತ ದೊಡ್ಡ ಕಿಂಡಿಯ ಎಫ್/8 ಅಥವಾ ಎಫ್/11ರಲ್ಲಿ ನಿಂತು, ಫೋಕಸ್ ಬಿಂದುವನ್ನು ಜಾಣತನದಿಂದ ಆರಿಸಿಕೊಳ್ಳುವುದು ಮೇಲು.

ಕೊನೆಗೆ ಪ್ರದರ್ಶನದ ಗೋಡೆಗೇರುವುದು ಹತ್ತು ಹನ್ನೆರಡು ಚಿತ್ರಗಳು. ನೂರಾರು ಚಿತ್ರಗಳಿಂದ ಅಷ್ಟನ್ನು ಉಳಿಸಿಕೊಳ್ಳುವ ಕೆಲಸ ತೆಗೆಯುವ ಕೆಲಸಕ್ಕಿಂತ ಕಷ್ಟದ್ದು, ಏಕೆಂದರೆ ಬಿಡಿಯಾಗಿ ಚೆಂದವಾದ ಚಿತ್ರ ಸರಣಿಯಲ್ಲಿ ಪಕ್ಕದ ಚಿತ್ರದ ಮಾತನ್ನೇ ಮತ್ತೊಮ್ಮೆ ಹೇಳುತ್ತಿರಬಹುದು. ಮುದ್ರಣದ ಲೆಕ್ಕವನ್ನೂ ಮೊದಲೇ ಮಾಡಿಕೊಂಡಿರಬೇಕು. 6000×4000 ಬಿಂದುಗಳ ಚಿತ್ರ ಇಂಚಿಗೆ 300ರಂತೆ 20×13 ಇಂಚಿನವರೆಗೆ ನಿಶ್ಚಿಂತೆಯಿಂದ ಹಿಗ್ಗುತ್ತದೆ. ಇಪ್ಪತ್ತನಾಲ್ಕು ಮೆಗಾಪಿಕ್ಸೆಲಿನ ಹಳೆಯ ಕ್ಯಾಮೆರಾ ಸಾಕಾಗುತ್ತದೆ ಎಂದು ಕಿರಿಯರಿಗೆ ನಾನು ಧೈರ್ಯವಾಗಿ ಹೇಳುವುದು ಇದೇ ಲೆಕ್ಕದ ಮೇಲೆ. ಹೊಸ ಕ್ಯಾಮೆರಾಕ್ಕೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ಮಾನಿಟರಿನ ಬಣ್ಣ ಸರಿಪಡಿಸುವ ಸಾಧನಕ್ಕೆ, ಇನ್ನೊಂದು ಭಾಗವನ್ನು ಪರೀಕ್ಷಾ ಮುದ್ರಣಗಳಿಗೆ ಎತ್ತಿಡಿ. ಉಳಿದದ್ದರಲ್ಲಿ ಚಿತ್ರದಲ್ಲಿರುವವರಿಗೆ ಒಂದೊಂದು ಪ್ರತಿ ಹಾಕಿಸಿ ಕೊಡಿ.