ನಾಲ್ಕಕ್ಕೆ ಮೂರು

2021ರ ಜನವರಿಯ ಒಂದು ಬೆಳಗ್ಗೆ ನಮ್ಮ ಮನೆಯಲ್ಲಿ ಒಗ್ಗರಣೆ ಬಂದ್ ಆಗಿತ್ತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮದು ಎರಡು ರೂಮಿನ ಅಪಾರ್ಟ್‌ಮೆಂಟು. ಅಲ್ಲಿನ ಸ್ಮೋಕ್ ಅಲಾರಂಗೂ ಅಮ್ಮನ ಒಣಮೆಣಸಿನಕಾಯಿಗೂ ಹತ್ತು ವರ್ಷದ ಜಗಳ. ಎಣ್ಣೆಗೆ ಮೆಣಸಿನಕಾಯಿ ಬಿದ್ದು ಘಾಟು ಎದ್ದರೆ ಸಾಕು, ಅದು ಕಿರುಚೋಕೆ ಶುರು ಮಾಡುತ್ತದೆ. ಅವತ್ತು ಹನ್ನೊಂದು ಗಂಟೆಗೆ ನನಗೆ ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂ. ಕೊರೊನಾ ಕಾಲ, ಎಲ್ಲವೂ ಝೂಮ್‌ನಲ್ಲಿ. ಅಮ್ಮ ಮೊಸರನ್ನ ಕಲಸಿಟ್ಟು, "ಒಗ್ಗರಣೆ ಆಮೇಲೆ ಹಾಕ್ತೀನಿ, ನೀನು ಮಾತಾಡಿ ಮುಗಿಸು" ಅಂದಳು. ಅಪ್ಪ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಅಡುಗೆಮನೆಯ ಟೇಬಲ್ ಮುಂದೆ ಕೂತಿದ್ದರು. ಇಂಟರ್‌ವ್ಯೂ ಅವರಿಗಲ್ಲ, ಆದರೂ.

ನನ್ನ ಹಣೆಬರಹ ಆ ಟೇಬಲ್ ಮೇಲೆಯೇ ಒಂದು ಸಲ ಲೆಕ್ಕ ಆಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಹಾಸನದಲ್ಲಿ. 625ಕ್ಕೆ 589. ಸ್ಕೂಲಿಗೇ ಮೊದಲು. ಬೀದಿಯವರೆಲ್ಲ "ಡಾಕ್ಟರ್" ಅಂತಲೇ ಕರೆಯುತ್ತಿದ್ದರು. ಅದೇ ವರ್ಷ, 2009ರಲ್ಲಿ, ಅಪ್ಪನ ಕಂಪನಿ ಅವರನ್ನು ಅಮೆರಿಕಕ್ಕೆ ಕಳಿಸಿತು, ಜೊತೆಗೆ ನಾವೂ ಬಂದೆವು. ಊರಲ್ಲೇ ಇದ್ದಿದ್ದರೆ ಪಿಯುಸಿ ಆದಮೇಲೆ ಸಿಇಟಿ ಬರೆದು ಸೀದಾ ಎಂಬಿಬಿಎಸ್ ಸೇರಬಹುದಿತ್ತು. ಇಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್. ಆ ಡಿಗ್ರಿಯ ಪ್ರತಿ ಸಬ್ಜೆಕ್ಟಿನ ಗ್ರೇಡೂ ಒಟ್ಟಾಗಿ ಜಿಪಿಎ ಅನ್ನುವ ಒಂದೇ ಅಂಕಿಯಾಗುತ್ತದೆ. ಎ ಬಂದರೆ 4, ಬಿ ಬಂದರೆ 3, ಎಫ್ ಅಂದರೆ ಸೊನ್ನೆ. ಮೆಡಿಕಲ್ ಸೇರುವವರ ಸರಾಸರಿ ಜಿಪಿಎ 3.7ರ ಮೇಲಿರುತ್ತದೆ. ನಾನು ಡಿಗ್ರಿ ಮುಗಿಸಿದಾಗ ನನ್ನ ಕೈಯಲ್ಲಿದ್ದದ್ದು 2.80.

ಅದರಲ್ಲೂ ಒಂದು ಮೋಸವಿತ್ತು. ಎರಡನೇ ವರ್ಷ ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಫ್ ತೆಗೆದಿದ್ದೆ. ಮತ್ತೆ ಬೇಸಿಗೆಯಲ್ಲಿ ಅದೇ ಪೇಪರ್ ಓದಿ ಬಿ ತೆಗೆದೆ. ನಮ್ಮ ಕಾಲೇಜು ಹಳೇ ಎಫ್ ಅನ್ನು ಲೆಕ್ಕದಿಂದ ತೆಗೆದುಹಾಕಿತು. ಆದರೆ ಎಂ.ಡಿ. (ಇಲ್ಲಿ ಅದು ಊರಿನ ಎಂಬಿಬಿಎಸ್ ಇದ್ದ ಹಾಗೆ) ಕೊಡುವ ಹೆಚ್ಚಿನ ಕಾಲೇಜುಗಳಿಗೆ ಅರ್ಜಿ ಹಾಕೋದು ಆಮ್‌ಕ್ಯಾಸ್ ಅನ್ನುವ ಒಂದೇ ವ್ಯವಸ್ಥೆಯ ಮೂಲಕ. ಅಲ್ಲಿ ಓದಿದ ಪ್ರತಿ ಸಬ್ಜೆಕ್ಟನ್ನೂ ನಮ್ಮ ಕೈಯಾರೆ ತುಂಬಬೇಕು. ಎರಡು ಸಲ ಓದಿದ್ದರೆ ಎರಡನ್ನೂ. ಎಫ್ ಕೂಡ ಎಣಿಕೆಗೆ ಬರುತ್ತದೆ. ಅಲ್ಲಿನ ಲೆಕ್ಕದಲ್ಲಿ ನನ್ನದು 2.71.

"ಕಾಲೇಜಿನವರೇ ಅಳಿಸಿ ಹಾಕಿದ್ದನ್ನ ಇವರ್ಯಾಕೋ ಮತ್ತೆ ಕೆದಕ್ತಾರೆ?" ಅಂತ ಅಪ್ಪ ಕೇಳಿದರು. ಆಮೇಲೆ ಕರೆಂಟ್ ಬಿಲ್ ಬಂದಿದ್ದ ಕವರ್ ತಿರುಗಿಸಿ, ಅದರ ಹಿಂದೆ ಪೆನ್ಸಿಲ್ಲಲ್ಲಿ ಲೆಕ್ಕ ಹಾಕಿದರು. ಇದು 2016ರ ಮಾತು. ಒಂದೊಂದು ಸಬ್ಜೆಕ್ಟಿನ ತೂಕಕ್ಕೆ ಕ್ರೆಡಿಟ್ ಅಂತಾರೆ. ಅದನ್ನು ಗ್ರೇಡಿನ ಅಂಕಿಯಿಂದ ಗುಣಿಸಿದರೆ ಪಾಯಿಂಟ್, ಪಾಯಿಂಟನ್ನು ಕ್ರೆಡಿಟ್ಟಿನಿಂದ ಭಾಗಿಸಿದರೆ ಜಿಪಿಎ. ನನ್ನದು 124 ಕ್ರೆಡಿಟ್, 336 ಪಾಯಿಂಟ್. ಇನ್ನೊಂದು ವರ್ಷ 32 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ ತೆಗೆದರೆ? 464 ಭಾಗಿಸು 156. ಅಪ್ಪ ಕ್ಯಾಲ್ಕುಲೇಟರ್ ಮುಟ್ಟುವವರಲ್ಲ, ಭಾಗಾಕಾರವನ್ನು ಕೊನೆಯವರೆಗೂ ಎಳೆದರು. 2.97. ಪೆನ್ಸಿಲ್ ಕೆಳಗಿಟ್ಟರು. "ಒಂದು ವರ್ಷ ಪೂರ್ತಿ ಒಂದೂ ತಪ್ಪು ಮಾಡ್ದೆ ಓದಿದ್ರೂ ಮೂರು ಮುಟ್ಟಲ್ವಲ್ಲ ಮಗಾ."

ಕಡಿಮೆ ಜಿಪಿಎ ಅಂದರೆ ಇದೇ. ಮುಂದೆ ಎಷ್ಟು ಓದಿದರೂ ಹಿಂದಿನ 124 ಕ್ರೆಡಿಟ್ ಕೆಳಗೆ ಕೂತು ಜಗ್ಗುತ್ತಿರುತ್ತದೆ. ಊರಲ್ಲಿ ಒಂದು ಪರೀಕ್ಷೆ ಕೈಕೊಟ್ಟರೆ ಮರುವರ್ಷ ಮತ್ತೆ ನೀಟ್ ಬರೆಯಬಹುದು. ಹಳೇ ಅಂಕ ಯಾರಿಗೂ ಬೇಡ. ಇಲ್ಲಿ ಹದಿನೆಂಟು ವಯಸ್ಸಿನ ಹುಡುಗ ಮಾಡಿದ ಕಿತಾಪತಿಯನ್ನು ಇಪ್ಪತ್ತಾರರಲ್ಲಿ ಕಂಪ್ಯೂಟರ್ ಮುಂದೆ ಕೂತು ತಾನೇ ಟೈಪ್ ಮಾಡಬೇಕು. ಇದು ಅನ್ಯಾಯ ಅಂತ ನಾನು ತುಂಬಾ ದಿನ ಬೈಯುತ್ತಾ ಇದ್ದೆ. ಈಗ ಅಷ್ಟು ಖಾತ್ರಿಯಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. ಹಗಲು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಸ್ಕ್ರೈಬ್ ಕೆಲಸ, ಅಂದರೆ ಡಾಕ್ಟರ್ ಹೇಳಿದ್ದನ್ನು ಪಕ್ಕದಲ್ಲಿ ನಿಂತು ಟೈಪ್ ಮಾಡೋದು. ಸಂಜೆ ಕ್ಲಾಸು. ವಾರಾಂತ್ಯ ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ದಾರಿಯಲ್ಲೇ ತುರ್ತು ಆರೈಕೆ ಮಾಡುವ ಕೆಲಸ. ಎರಡೂವರೆ ವರ್ಷದಲ್ಲಿ 40 ಕ್ರೆಡಿಟ್ ಮುಗಿಸಿದೆ. ಒಂದೇ ಒಂದು ಬಿ, ಉಳಿದದ್ದೆಲ್ಲ ಎ. ಅಪ್ಪನ ಲೆಕ್ಕ ಮತ್ತೆ ಶುರು: 492 ಭಾಗಿಸು 164. ಸರಿಯಾಗಿ 3.00. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಕವರ್ ಈಗಲೂ ಫ್ರಿಡ್ಜ್ ಮೇಲಿದೆ, ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ ಕೆಳಗೆ.

ಇಲ್ಲಿ ಡಾಕ್ಟರಾಗೋಕೆ ಎಂ.ಡಿ. ಅಲ್ಲದೆ ಡಿ.ಓ. ಅನ್ನುವ ಇನ್ನೊಂದು ಡಿಗ್ರಿಯೂ ಇದೆ. ಈ ನಡುವೆ ಆ ಡಿ.ಓ. ಕಾಲೇಜುಗಳ ಬಾಗಿಲೂ ಸ್ವಲ್ಪ ಕಿರಿದಾಯಿತು. ಅವರ ಅರ್ಜಿ ವ್ಯವಸ್ಥೆ ಬೇರೆ. ಅಲ್ಲಿ ಮರು ಓದಿದರೆ ಹಳೇ ಗ್ರೇಡ್ ಬಿಟ್ಟು ಹೊಸದನ್ನೇ ಎಣಿಸುತ್ತಿದ್ದರು. 2017ರಲ್ಲಿ ಅದನ್ನು ನಿಲ್ಲಿಸಿದರು. ನಾನು ಅರ್ಧ ದಾರಿಯಲ್ಲಿದ್ದೆ. ಏನು ಮಾಡೋದು, ನಡೆಯಲೇಬೇಕಲ್ವಾ.

2019ರಲ್ಲಿ ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬರೆದೆ. ಅದಕ್ಕೆ 472ರಿಂದ 528ರವರೆಗೆ ಅಂಕ ಕೊಡುತ್ತಾರೆ, 500 ನಟ್ಟನಡುವೆ. 472ರಿಂದ ಯಾಕೆ ಶುರು ಅಂತ ಅಜ್ಜಿ ಫೋನಲ್ಲಿ ಕೇಳಿದ್ದರು. ಪಾಪ, ಸರಿಯಾದ ಪ್ರಶ್ನೆಯೇ. ಏನೂ ಬರೆಯದವನಿಗೂ 472 ಕೊಡ್ತಾರಾ ಅಂತ. ನನಗೆ 511 ಬಂತು. ಆ ಧೈರ್ಯದಲ್ಲಿ 18 ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕಿದೆ. ಆಗ ಮೊದಲ ಕಾಲೇಜಿಗೆ 170 ಡಾಲರ್ ಇತ್ತು, ಆಮೇಲೆ ಒಂದೊಂದಕ್ಕೂ ನಲವತ್ತರ ಆಸುಪಾಸು. ಅದರ ಮೇಲೆ ಕಾಲೇಜುಗಳು ಕೇಳುವ ಇನ್ನೊಂದು ಫೀಸು. ಒಂದು ಕಡೆಯಿಂದಲೂ ಇಂಟರ್‌ವ್ಯೂಗೆ ಕರೆಯಲಿಲ್ಲ. ಮರುವರ್ಷ ಡಿ.ಓ. ಕಾಲೇಜುಗಳನ್ನೂ ಸೇರಿಸಿದೆ. ಮೊದಲ ವರ್ಷವೇ ಸೇರಿಸಬೇಕಿತ್ತು. ಸೇರಿಸದೇ ಇದ್ದದ್ದು ಸುಮ್ನೆ ಜಂಬ, ಮತ್ತೇನಿಲ್ಲ. 589ರ ಜಂಬ ಇನ್ನೂ ಇಳಿದಿರಲಿಲ್ಲ. ಆ ವರ್ಷ ಎಂ.ಡಿ.ಗೆ ಅರ್ಜಿ ಹಾಕಿದವರು ಹಿಂದಿನ ವರ್ಷಕ್ಕಿಂತ ಸುಮಾರು 18 ಪರ್ಸೆಂಟ್ ಜಾಸ್ತಿ. ಕೊರೊನಾ ನೋಡಿ ಎಲ್ಲರಿಗೂ ಡಾಕ್ಟರಾಗೋ ಮನಸ್ಸು ಬಂದಿತ್ತು. ನನಗೆ ಡಿ.ಓ. ಕಾಲೇಜೊಂದರಿಂದ ಕರೆ ಬಂತು.

ಇಂಟರ್‌ವ್ಯೂ ಹಿಂದಿನ ರಾತ್ರಿ ಅಪ್ಪ ನನ್ನ ರೂಮಿಗೆ ಬಂದು ಮಂಚದ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಆ ಎಫ್ ಬಗ್ಗೆ ಕೇಳೇ ಕೇಳ್ತಾರೆ" ಅಂದರು.

"ಕೇಳ್ತಾರೆ."

"ನನ್ನ ಕೆಲಸ ಹೋಗಿತ್ತಲ್ಲ, ಅದನ್ನ ಹೇಳು. ಮನೇಲಿ ಕಷ್ಟ ಇತ್ತು ಅಂತ. ನನಗೇನೂ ಬೇಜಾರಿಲ್ಲ."

ಅಪ್ಪನ ಕೆಲಸ ಹೋಗಿದ್ದು ನಿಜ. ನಾಲ್ಕು ತಿಂಗಳು ಅವರು ಬೆಳಗ್ಗೆ ಟಿಫನ್ ಬಾಕ್ಸ್ ತಗೊಂಡು ಲೈಬ್ರರಿಗೆ ಹೋಗಿ ಕೂತು ಬರುತ್ತಿದ್ದರು. ಅದನ್ನು ಅವರು ಇವತ್ತಿಗೂ ಹಾಸನದಲ್ಲಿ ಯಾರಿಗೂ ಹೇಳಿಲ್ಲ. ಆದರೆ ಅದು 2013ರ ಬೇಸಿಗೆ. ನನ್ನ ಎಫ್ 2012ರ ಡಿಸೆಂಬರಿನದು. ಅದು ಅಪ್ಪನಿಗೂ ಗೊತ್ತಿತ್ತು. ತಾರೀಖುಗಳನ್ನು ಯಾರೂ ಹೋಲಿಸಿ ನೋಡಲ್ಲ ಅನ್ನೋದೂ ಗೊತ್ತಿತ್ತು. ತನ್ನ ಜೀವನದ ಅತಿ ನಾಚಿಕೆಯ ನಾಲ್ಕು ತಿಂಗಳನ್ನು ನನಗೆ ಬೇಕಾದರೆ ತಗೋ ಅಂತ ಕೊಡೋಕೆ ಬಂದಿದ್ದರು. ನಾನು "ನೋಡೋಣ ಅಪ್ಪ" ಅಂದೆ. ಅವರು ಲೈಟ್ ಆರಿಸಿ ಹೋದರು. ನಾನಿನ್ನೂ ಓದುತ್ತಿದ್ದೆ ಅನ್ನೋದನ್ನೂ ಮರೆತು.

ಇಂಟರ್‌ವ್ಯೂನಲ್ಲಿ ಇಬ್ಬರಿದ್ದರು. ಬಿಳಿ ಗಡ್ಡದ ಹಿರಿಯ ಡಾಕ್ಟರ್ ಒಬ್ಬರು, ಅನಾಟಮಿ ಕಲಿಸುವ ಮೇಡಂ ಒಬ್ಬರು. ಹತ್ತು ನಿಮಿಷ ಒಳ್ಳೇ ಮಾತು. ಆಮೇಲೆ ಗಡ್ಡದ ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು ಕಾಗದ ನೋಡಿದರು. ನನಗೆ ಹೊಟ್ಟೆ ತಣ್ಣಗಾಯಿತು.

"2012ರ ಆ ಸೆಮಿಸ್ಟರು. ಆರ್ಗ್ಯಾನಿಕ್ ಕೆಮಿಸ್ಟ್ರಿ." ಸ್ವಲ್ಪ ತಡೆದು, "ನ್ಯೂಜೆರ್ಸಿ ಅಲ್ವಾ ನಿನ್ನದು? ಅದು ಸ್ಯಾಂಡಿ ಬಂದ ಸೆಮಿಸ್ಟರ್ ಇರಬೇಕು?" ಅಂದರು.

ಹೌದು. 2012ರ ಅಕ್ಟೋಬರ್ 29ಕ್ಕೆ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಗೆ ಅಪ್ಪಳಿಸಿತ್ತು. ನಮ್ಮ ಮನೆಯಲ್ಲಿ ಆರು ದಿನ ಕರೆಂಟ್ ಇರಲಿಲ್ಲ. ಕಾಲೇಜಿಗೆ ರಜೆ. ಪೆಟ್ರೋಲಿಗೆ ಮೈಲುದ್ದ ಕ್ಯೂ, ನಂಬರ್ ಪ್ಲೇಟ್ ಬೆಸವೋ ಸಮವೋ ನೋಡಿ ಒಂದೊಂದು ದಿನ ಹಾಕುತ್ತಿದ್ದರು. ಮನುಷ್ಯ ಪಾಪ ಒಳ್ಳೆಯವರು. ಅಪ್ಪನ ಹಾಗೇ ಒಂದು ನೆಪವನ್ನು ತಟ್ಟೆಯಲ್ಲಿಟ್ಟು ಮುಂದೆ ಚಾಚಿದ್ದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು.

ಗೋಡೆಯ ಆಚೆ ಅಡುಗೆಮನೆಯಲ್ಲಿ ಅಪ್ಪ ಇದ್ದರು. ನಮ್ಮ ಮನೆಯ ಗೋಡೆಗಳು ರಟ್ಟಿನ ಹಾಗೆ, ಎಲ್ಲ ಕೇಳಿಸುತ್ತದೆ.

"ಸ್ಯಾಂಡಿ ಬಂದಿತ್ತು ಸರ್. ಆದರೆ ಅದಕ್ಕೂ ಮೂರು ವಾರ ಮೊದಲೇ ನಾನು ಕ್ಲಾಸಿಗೆ ಹೋಗೋದು ಬಿಟ್ಟಿದ್ದೆ" ಅಂದೆ. ಮೊದಲ ಟೆಸ್ಟಿನಲ್ಲಿ ನೂರಕ್ಕೆ 38 ಬಂದಿತ್ತು. ನಾನು ಅವತ್ತಿನವರೆಗೆ ಯಾವ ಕ್ಲಾಸಿನಲ್ಲೂ ಹಿಂದೆ ಬಿದ್ದವನಲ್ಲ. ಯಾರನ್ನಾದರೂ ಕೇಳಿದರೆ ಗೊತ್ತಿಲ್ಲ ಅಂತ ಗೊತ್ತಾಗಿಬಿಡುತ್ತದಲ್ಲ. ಅದಕ್ಕೆ ಕೇಳಲಿಲ್ಲ. ಕೋರ್ಸ್ ಬಿಟ್ಟು ಡಬ್ಲ್ಯೂ ಹಾಕಿಸಿಕೊಳ್ಳೋಕೆ ಗಡುವು ಇತ್ತು, ಅದು ಜಿಪಿಎಗೆ ಬರೋದಿಲ್ಲ. ಆ ಫಾರಂಗೆ ಸಹಿ ಬೇಕಿತ್ತು. ಸಹಿ ಕೇಳೋಕೆ ಹೋದರೆ ಮೇಷ್ಟ್ರು ಮುಖ ನೋಡುತ್ತಾರೆ ಅಂತ ಅದನ್ನೂ ಬಿಟ್ಟೆ. ಫೈನಲ್‌ಗೆ ಹೋಗಿ ಹೆಸರು ಬರೆದು ಎದ್ದು ಬಂದೆ. ಇಷ್ಟನ್ನೂ ಹೇಳಿದೆ. ಹೇಳುವಾಗ ನನ್ನ ಇಂಗ್ಲಿಷ್ ಮತ್ತೆ ಹದಿನೈದು ವರ್ಷದ ಹುಡುಗನದಾಗಿತ್ತು.

ಡಾಕ್ಟರ್ ಏನೂ ಅನ್ನಲಿಲ್ಲ. ಮೇಡಂ ಕೇಳಿದರು: "ಈಗ ಗೊತ್ತಿಲ್ಲದಿದ್ದರೆ ಏನು ಮಾಡ್ತೀಯ?"

ಇದಕ್ಕೆ ನಾನು ತಯಾರಿ ಮಾಡಿರಲಿಲ್ಲ. ಬಾಯಿಗೆ ಬಂದದ್ದು ಬಿಪಿಯ ಕಥೆ. ಆಂಬುಲೆನ್ಸ್‌ಗೆ ಸೇರಿದ ಮೊದಲ ತಿಂಗಳು. ಓಡುವ ಗಾಡಿಯಲ್ಲಿ ಸ್ಟೆತಾಸ್ಕೋಪ್ ಕಿವಿಗೆ ಹಾಕಿಕೊಂಡರೆ ಇಂಜಿನ್ ಸದ್ದು, ಸೈರನ್, ರಸ್ತೆಯ ಗುಂಡಿ, ಇಷ್ಟೇ ಕೇಳೋದು. ಪಟ್ಟಿಯ ಗಾಳಿ ಬಿಡುತ್ತಾ ಬಂದೆ, ಮುಳ್ಳು ಕೆಳಗಿಳಿದು ಸೊನ್ನೆಗೆ ಬಂತು, ನನಗೆ ಒಂದು ಬಡಿತವೂ ಕೇಳಲಿಲ್ಲ. ಮಲಗಿದ್ದ ಅಜ್ಜ ನನ್ನನ್ನೇ ನೋಡುತ್ತಿದ್ದರು. 130-80 ಅಂತ ಹೇಳಿಬಿಟ್ಟರೆ ಯಾರಿಗೂ ಅನುಮಾನ ಬರೋದಿಲ್ಲ, ಆ ವಯಸ್ಸಿಗೆ ಸರಿಹೊಂದುವ ಅಂಕಿ. ನನ್ನ ಜೊತೆಗಿದ್ದವರಿಗೆ "ಕೇಳಿಸಲಿಲ್ಲ" ಅಂದೆ. ಅವರು ಬೈಯಲಿಲ್ಲ. "ಹಿಮ್ಮಡಿ ನೆಲದಿಂದ ಎತ್ತು, ಗಾಡಿಯ ನಡುಕ ಕಾಲಿನಿಂದಲೇ ಹತ್ತೋದು" ಅಂದರು. ಎತ್ತಿದೆ. ಆಗಲೂ ಸರಿಯಾಗಿ ಕೇಳಲಿಲ್ಲ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು, ಗಾಳಿ ಬಿಡುವಾಗ ನಾಡಿ ಮರಳಿ ಸಿಗುವ ಜಾಗ ನೋಡು ಅಂತ ತೋರಿಸಿದರು. ಹಾಗೆ ಮಾಡಿದರೆ ಮೇಲಿನ ಅಂಕಿ ಮಾತ್ರ ಸಿಗುತ್ತದೆ, ಕೆಳಗಿನದಿಲ್ಲ. 92 ಇತ್ತು. 130 ಅಲ್ಲ.

ಗಡ್ಡದ ಡಾಕ್ಟರ್ ಆಗ ನಕ್ಕರು. "ನಾನು ಈಗಲೂ ಹಿಮ್ಮಡಿ ಎತ್ತುತ್ತೇನೆ, ಅಭ್ಯಾಸ" ಅಂದರು. ಅವರೂ ಡಾಕ್ಟರಾಗುವ ಮೊದಲು ಆಂಬುಲೆನ್ಸ್‌ನಲ್ಲಿದ್ದವರಂತೆ. ಉಳಿದ ಹತ್ತು ನಿಮಿಷ ಅದೇ ಮಾತಾಯಿತು.

ಹೊರಗೆ ಬಂದರೆ ಅಪ್ಪ ಸಿಂಕ್ ಕಡೆ ಮುಖ ಮಾಡಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು. "ನನ್ನ ವಿಷಯ ಹೇಳ್ಲಿಲ್ಲ ನೀನು" ಅಂದರು. "ಇಲ್ಲ" ಅಂದೆ. "ಹಂ" ಅಂದರು. ಅಮ್ಮ ಒಲೆ ಹಚ್ಚಿ ಎಣ್ಣೆಗೆ ಸಾಸಿವೆ, ಕರಿಬೇವು, ಎರಡು ಮೆಣಸಿನಕಾಯಿ ಹಾಕಿದಳು. ಅಲಾರಂ ಕಿರುಚಿತು. ಅಪ್ಪ ಇಸ್ತ್ರಿ ಶರ್ಟಿನಲ್ಲೇ ಕುರ್ಚಿ ಹತ್ತಿ ಟವೆಲ್ ಬೀಸಿದರು. ಎದುರು ಮನೆಯವರು ಬಾಗಿಲು ತೆಗೆದು ನೋಡಿ, ಇವರದು ಇದ್ದದ್ದೇ ಅಂತ ಮುಚ್ಚಿಕೊಂಡರು.

ಫೆಬ್ರವರಿಯಲ್ಲಿ ಫೋನ್ ಬಂತು. ಆಗ ನಾನು ಆಂಬುಲೆನ್ಸ್ ಸ್ಟೇಷನ್ನಿನಲ್ಲಿ ಎನ್95 ಮಾಸ್ಕನ್ನು ಮತ್ತೆ ಬಳಸೋಕೆ ಅಂತ ಹೆಸರು ಬರೆದ ಕಾಗದದ ಚೀಲಕ್ಕೆ ಹಾಕುತ್ತಿದ್ದೆ. ಸೀಟು ಸಿಕ್ಕಿತ್ತು. ಮನೆಗೆ ಹೇಳಿ, ಬೆಳಗಾಗುವವರೆಗೆ ಕಾದು ಹಾಸನಕ್ಕೆ ಫೋನ್ ಮಾಡಿದೆ. ದೊಡ್ಡಪ್ಪ ಸ್ಪೀಕರ್‌ಗೆ ಹಾಕಿದರು, ಹಿಂದೆ ಮನೆಮಂದಿಯೆಲ್ಲ.

"ಯಾವ ಡಿಗ್ರಿ ಮಗಾ? ಎಂಬಿಬಿಎಸ್ ತಾನೇ?"

"ಇಲ್ಲ ದೊಡ್ಡಪ್ಪ, ಡಿ.ಓ."

"ಪಿ.ಡಿ.ಓ. ಗೊತ್ತು ಕಣೋ, ಪಂಚಾಯ್ತಿಲಿರ್ತಾರೆ. ಇದ್ಯಾವುದು ಡಿ.ಓ.?"

ಎಂ.ಡಿ. ಹಾಗೇ ಪೂರ್ತಿ ಡಾಕ್ಟರ್, ಐವತ್ತೂ ರಾಜ್ಯದಲ್ಲಿ ಲೈಸೆನ್ಸ್ ಸಿಗುತ್ತೆ, 1892ರಿಂದ ಈ ಕಾಲೇಜುಗಳಿವೆ, ಮೂಳೆ ಕೀಲುಗಳನ್ನು ಕೈಯಿಂದ ನೋಡೋದನ್ನು ಜಾಸ್ತಿ ಕಲಿಸ್ತಾರೆ ಅಂತೆಲ್ಲ ವಿವರಿಸಿದೆ. ದೊಡ್ಡಪ್ಪ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಅಸಲು ಪ್ರಶ್ನೆ ಬಂತು.

"ಎಷ್ಟು ಪರ್ಸೆಂಟ್ ಬಂದಿತ್ತು ನಿಂದು?"

"ಇಲ್ಲಿ ಪರ್ಸೆಂಟ್ ಇಲ್ಲ ದೊಡ್ಡಪ್ಪ. ನಾಲ್ಕಕ್ಕೆ ಮೂರು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ದೊಡ್ಡಪ್ಪ ಲೆಕ್ಕ ಹಾಕುತ್ತಿದ್ದರು. ನಮ್ಮ ಮನೆತನದವರು ಯಾರೂ ಕ್ಯಾಲ್ಕುಲೇಟರ್ ಮುಟ್ಟಲ್ಲ.

"ಎಪ್ಪತ್ತೈದು" ಅಂದರು. ದನಿ ತಗ್ಗಿಸಿ, "ಎಪ್ಪತ್ತೈದಕ್ಕೆ ಹೆಂಗೋ ಕೊಟ್ರು? ಪೇಮೆಂಟ್ ಸೀಟಾ?"

ವರ್ಷಕ್ಕೆ ಐವತ್ತು ಸಾವಿರ ಡಾಲರ್ ಮೇಲಿನ ಫೀಸು, ಅದಕ್ಕೆ ನಾನು ಸಹಿ ಹಾಕಬೇಕಾಗಿದ್ದ ಸಾಲದ ಕಾಗದ, ಎಲ್ಲ ಕಣ್ಣ ಮುಂದೆ ಬಂತು.

"ಇಲ್ಲಿ ಎಲ್ಲಾನೂ ಪೇಮೆಂಟ್ ಸೀಟೇ ದೊಡ್ಡಪ್ಪ" ಅಂದೆ.