ಜಿಕೆವಿಕೆ ಮೇಳದಲ್ಲಿ ಒಂಬತ್ತು ಗುಂಟೆಯ ಲೆಕ್ಕ

ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಹುಡುಗ ದಕ್ಷಿಣ ಸುಡಾನಿನವನು. ಕೊತ್ತನೂರು ಕಡೆಯವರಿಗೆ ಇದೇನೂ ಹೊಸದಲ್ಲ, ಇಲ್ಲಿಗೆ ಆಫ್ರಿಕಾದಿಂದ ಓದಲು ಬರುವವರು ಜಾಸ್ತಿ. ಬಾಡಿಗೆ ಸರಿಯಾಗಿ ಕೊಡ್ತಾನೆ, ಗಲಾಟೆ ಇಲ್ಲ. ನನಗೆ ಗೊತ್ತಿದ್ದಿದ್ದು ಅಷ್ಟೇ. ಕಳೆದ ನವೆಂಬರ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೊರಟಾಗ ಅಮ್ಮನೇ ಅವನನ್ನು ಕರೆದಳು. "ರೂಮಲ್ಲಿ ಒಬ್ಬನೇ ಕೂತು ಏನ್ ಮಾಡ್ತಾನೆ, ಬರಲಿ ಬಿಡು."

ರಾಗಿ ತಾಕಿನ ಹತ್ತಿರ ಹುಡುಗ ನಿಂತುಬಿಟ್ಟ. ಉದುರಿ ಬಿದ್ದಿದ್ದ ಒಂದು ತೆನೆ ಎತ್ತಿಕೊಂಡು ಅಂಗೈಯಲ್ಲಿ ತಿಕ್ಕಿದ. ಉಫ್ ಅಂತ ಊದಿ ಹೊಟ್ಟು ಹಾರಿಸಿ, ಕಾಳನ್ನು ಬಾಯಿಗೆ ಹಾಕಿಕೊಂಡ. ಅಮ್ಮ ಮಾಗಡಿ ಕಡೆಯವಳು, ಬಾಯಿ ಬಿಟ್ಟುಕೊಂಡು ನೋಡಿದಳು. "ನಿಂಗೆ ರಾಗಿ ಗೊತ್ತೇನಪ್ಪಾ?"

ಗೊತ್ತಿಲ್ಲದೆ ಏನು? ರಾಗಿಯ ತವರೇ ಪೂರ್ವ ಆಫ್ರಿಕಾ. ಅಲ್ಲೂ ಹಿಟ್ಟು ತಿರುವಿ ಗಟ್ಟಿ ಮಾಡಿ ತಿನ್ನುತ್ತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಮಾಡಿದ್ದೇ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ. ಇದನ್ನು ಹೇಳಿದರೆ ಅಮ್ಮ ನಂಬಲೇ ಇಲ್ಲ.

ಮರದ ಕೆಳಗೆ ಮುದ್ದೆ ತಿನ್ನುತ್ತಾ ಅವನ ಕತೆ ಹೊರಬಂತು. 2016ರ ಜುಲೈನಲ್ಲಿ ಅವರ ರಾಜಧಾನಿ ಜುಬಾದಲ್ಲಿ ಮತ್ತೆ ಯುದ್ಧ ಶುರುವಾಯ್ತು. ಅದು ಇವರ ಊರು ಯೇಯಿ ಕಡೆಗೂ ಹಬ್ಬಿತು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಉಗಾಂಡಾದ ಬಿಡಿಬಿಡಿ ಅನ್ನೋ ನಿರಾಶ್ರಿತರ ನೆಲೆಗೆ ಬಂದರು. ಆ ಆಗಸ್ಟ್‌ನಲ್ಲಿ ಶುರುವಾದ ಜಾಗ ಅದು. ವರ್ಷ ಮುಗಿಯುವಷ್ಟರಲ್ಲಿ ಅಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನ. ಕುಡಿಯೋಕೆ ಟ್ಯಾಂಕರ್ ನೀರು. ಮಳೆ ಬಂದು ಮಣ್ಣುರಸ್ತೆ ಕೆಸರಾದರೆ ಟ್ಯಾಂಕರ್ ಬರೋದಿಲ್ಲ. ಮೇಲಿಂದ ಮಳೆ ಸುರಿಯುತ್ತಿದೆ, ಬಿಂದಿಗೆ ಖಾಲಿ.

"ನಮ್ಮ ಏರಿಯಾ ಥರಾನೇ" ಅಂದಳು ಅಮ್ಮ. ನನಗೆ ಮುಜುಗರ ಆಯ್ತು. 2024ರ ಬೇಸಿಗೆಯಲ್ಲಿ ನಾವೂ ಟ್ಯಾಂಕರ್‌ಗೆ ಕಾದಿದ್ದು ನಿಜ. ಆದರೆ ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ಲೆಕ್ಕ ಹಾಕುವವರು ನಾವು. ಇಂಥ ಶಿಬಿರಗಳಲ್ಲಿ ಕನಿಷ್ಠ ಅಂತ ಇಟ್ಟುಕೊಳ್ಳೋದು 15 ಲೀಟರ್. ಕುಡಿಯೋದು, ಅಡುಗೆ, ಸ್ನಾನ ಎಲ್ಲಾ ಸೇರಿ.

ಆಮೇಲೆ ಬೋರ್ ಕೊರೆದರು, ಕೆಲವು ಕಡೆ ಸೋಲಾರ್ ಪಂಪು ಬಂತು. ಅವರ ಹತ್ತಿರ ಇದ್ದಿದ್ದು ಕೈಪಂಪು. ನಮ್ಮ ಬೀದಿ ಕೊನೆಯಲ್ಲಿ ಹಿಡಿ ಕಿತ್ತುಹೋಗಿ ನಿಂತಿದೆಯಲ್ಲ ಬೋರಿಂಗು, ಅದೇ ಜಾತಿ. ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ನಮ್ಮ ಸರ್ಕಾರ, ಯುನಿಸೆಫ್ ಸೇರಿ ರೂಪಿಸಿದ್ದು, ಈಗ ಆಫ್ರಿಕಾ ತುಂಬಾ ಇದೆ. ಅದರ ಕಷ್ಟವನ್ನು ಅವನು ಕೈಯಾಡಿಸಿ ತೋರಿಸಿದ. ಒಳಗಿನ ಬಟ್ಟಲಿನಂಥ ವಾಷರ್ ಸವೆದರೆ ಎಷ್ಟು ಹೊಡೆದರೂ ನೀರು ಏರೋದಿಲ್ಲ. ಆ ಸಣ್ಣ ರಬ್ಬರ್ ಬದಲಾಯಿಸೋಕೆ ಕಬ್ಬಿಣದ ಪೈಪನ್ನೆಲ್ಲಾ ಒಂದೊಂದಾಗಿ ಮೇಲೆತ್ತಬೇಕು. ವಾಷರ್ ಬರೋವರೆಗೆ ಹೆಂಗಸರು ದೂರದ ಇನ್ನೊಂದು ಪಂಪಿನ ಸಾಲಿನಲ್ಲಿ. ಪಂಪು ಹಾಕಿಸಿದ ದಿನ ಫೋಟೋ ತೆಗೆಯೋರು ಇರ್ತಾರೆ, ವಾಷರ್ ತರೋರು ಬೇಕಲ್ವಾ?

ಜಮೀನಿನ ಮಾತು ಬಂದಾಗ ಅಮ್ಮನ ಕಿವಿ ನೆಟ್ಟಗಾಯ್ತು. ಉಗಾಂಡಾದಲ್ಲಿ ನಿರಾಶ್ರಿತರನ್ನು ಬೇಲಿಯೊಳಗೆ ಕೂಡಿಹಾಕೋದಿಲ್ಲ. ಕೆಲಸ ಮಾಡಬಹುದು, ಓಡಾಡಬಹುದು, 2006ರ ಕಾಯ್ದೆಯಲ್ಲೇ ಇದೆ. ಬಿಡಿಬಿಡಿಯಲ್ಲಿ ಇವರ ಮನೆಗೆ ಸಿಕ್ಕಿದ್ದು 30 ಮೀಟರ್‌ಗೆ 30 ಮೀಟರ್ ಜಾಗ. ನಮ್ಮ ತರ್ಟಿ ಫಾರ್ಟಿ ಸೈಟು ಅಡಿಯಲ್ಲಿ, ಇದು ಮೀಟರಿನಲ್ಲಿ. ಸುಮಾರು ಒಂಬತ್ತು ಗುಂಟೆ. ಗುಡಿಸಲು, ಕಕ್ಕಸು ಹೋಗಿ ಉಳಿದಿದ್ದರಲ್ಲಿ ಬೇಸಾಯ. 2020ರ ಏಪ್ರಿಲ್‌ನಲ್ಲಿ ರೇಷನ್ ಶೇಕಡಾ 30 ಕಡಿತವಾದಾಗ ಆ ತುಂಡು ನೆಲವೇ ಕೈ ಹಿಡಿದಿದ್ದು. ಬಿತ್ತನೆ ಬೀಜ ಹಂಚೋರು ಬರ್ತಿದ್ದರು. ಆದರೆ ಒಮ್ಮೆ ಮಳೆ ಶುರುವಾಗಿ ಎಷ್ಟೋ ದಿನ ಆದಮೇಲೆ ಬೀಜ ಕೈಗೆ ಬಂತಂತೆ. "ಹಂಗಾದ್ರೆ ಅದನ್ನ ಹುರಿದು ತಿನ್ನಬೇಕಷ್ಟೆ" ಅಂದಳು ಅಮ್ಮ. ಹಾಗೇ ಮಾಡಿದ್ದರಂತೆ.

ಊಟ ಆದಮೇಲೆ ಅವನನ್ನು ಗುಳಿ ರಾಗಿ ಬಗ್ಗೆ ಹೇಳುತ್ತಿದ್ದವರ ಹತ್ತಿರ ಕರೆದುಕೊಂಡು ಹೋದೆ. ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಎರಡು ಸಸಿ. ಹಿಡಿ ಬೀಜ ಸಾಕು. ಹುಡುಗ ಫೋನಿನಲ್ಲಿ ಲೆಕ್ಕ ಹಾಕಿದ. ಆರು ಗುಂಟೆಯಲ್ಲಿ ಇಟ್ಟರೂ ಮೂರು ಸಾವಿರದ ಹತ್ತಿರ ಗುಳಿ ಬರುತ್ತೆ.

"ಪಂಪಿನ ಕೆಳಗೆ ಚೆಲ್ಲಿದ ನೀರು ಏನ್ ಮಾಡ್ತೀರಿ?" ಅಮ್ಮ ಕೇಳಿದಳು. ಸೊಪ್ಪಿಗೆ ಬಿಡ್ತೀವಿ ಅಂದ.

"ಅಲ್ಲೇ ಸಸಿ ಬೆಳೆಸೋಕೆ ಒಂದು ಒಟ್ಲು ಹಾಕೋಕೆ ಹೇಳು ನಿಮ್ಮಮ್ಮಂಗೆ. ಮಳೆ ಬರೋ ಹೊತ್ತಿಗೆ ಸಸಿ ರೆಡಿ ಇರುತ್ತೆ. ಬೀಜ ಕೊಡೋರನ್ನ ಕಾಯೋದು ತಪ್ಪುತ್ತೆ, ಮನೆ ಬೀಜ ಎತ್ತಿಟ್ಕೊಂಡ್ರೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಲೆ ಕೆರೆದುಕೊಂಡ. ಆಂಟಿ, ಪಂಪಿನ ಹತ್ತಿರ ಊರಿನ ಮೇಕೆಗಳೆಲ್ಲಾ ನೀರಿಗೆ ಬರ್ತಾವೆ, ಒಂದು ಸಸಿ ಉಳಿಯಲ್ಲ ಅಂದ.

"ಮುಳ್ಳು ಇಲ್ವಾ ಆ ಊರಲ್ಲಿ?" ಅಂದಳು ಅಮ್ಮ. ಇದೆ ಅಂದ. ಬಸ್‌ಸ್ಟಾಪಿನವರೆಗೂ ಇಬ್ಬರೂ ಬೇಲಿ ಎಷ್ಟು ಎತ್ತರ ಇರಬೇಕು ಅನ್ನೋದರ ಮೇಲೆ ವಾದ ಮಾಡುತ್ತಲೇ ಬಂದರು, ನಡುವೆ ನಾನು ತರ್ಜುಮೆ.